ಬ್ಯಾಂಕಿಗೆ ರಜಾ, ನನಗಲ್ಲ

ಚನ್ನರಾಯಪಟ್ಟಣದ ಬ್ಯಾಂಕಿನಲ್ಲಿ ನಾನು ಹೊಸ ಗುಮಾಸ್ತನಾಗಿದ್ದ ಕಾಲ. ಡಿಸೆಂಬರಿನ ಕೊನೆಯ ದಿನ ಬಾಗಿಲಲ್ಲಿ ‘ರಜಾ’ ಎಂಬ ಹಲಗೆ ತೂಗುತ್ತಿತ್ತು. ರಜಾ ಊರಿಗೆ. ನಾವು ಒಳಗಿನಿಂದ ಚಿಲಕ ಹಾಕಿಕೊಂಡು ಅರ್ಧ ವರ್ಷದ ಲೆಕ್ಕ ಮುಗಿಸಬೇಕು. ಇದನ್ನು ನಮ್ಮವ್ವನಿಗೆ ತಿಳಿಸುವುದು ಲೆಕ್ಕಕ್ಕಿಂತ ಕಷ್ಟ. ಆ ದಿನವೇ ಹೊಳೆನರಸೀಪುರದಲ್ಲಿ ನನಗೆ ಹೆಣ್ಣು ನೋಡುವ ಶಾಸ್ತ್ರ ಗೊತ್ತುಮಾಡಿಬಿಟ್ಟಿದ್ದಳು.

“ರಜ ಅಂತ ಬೋರ್ಡ್ ನೇತಾಕವ್ರೆ, ನೀನು ಕೆಲ್ಸ ಅಂತೀಯಲ್ಲೋ! ಹೆಣ್ಣು ಬ್ಯಾಡ ಅಂದ್ರೆ ಬ್ಯಾಡ ಅನ್ನು.”

ಬೇಡವೇ? ಹುಡುಗಿಯನ್ನು ಯಾರದೋ ಮದುವೆಯಲ್ಲಿ ದೂರದಿಂದ ಕಂಡಾಗಿನಿಂದ ನಾನು ಕನ್ನಡಿಯ ಮುಂದೆ ಅಳಿಯನ ಗತ್ತು ಅಭ್ಯಾಸ ಮಾಡುತ್ತಿದ್ದೆ! ಬ್ಯಾಂಕಿನಲ್ಲಿ ಕೆಲಸವಿದೆ, ಬರಲಾಗದು ಎಂದು ಬೆಳಗಿನ ಬಸ್ ಕಂಡಕ್ಟರ್ ಕೈಲಿ ಹುಡುಗಿಯ ಮನೆಗೆ ಹೇಳಿ ಕಳಿಸಿದೆ.

ಆ ಮಧ್ಯಾಹ್ನ ಏಜೆಂಟರು, ಅಂದರೆ ಈಗ ಮ್ಯಾನೇಜರ್ ಅನ್ನುತ್ತಾರಲ್ಲ ಅವರು, ಮಹಡಿ ಮೇಲಿನ ಮನೆಗೆ ಊಟಕ್ಕೆ ಹೋದರು. ಅವರ ಕುರ್ಚಿ ಖಾಲಿ ಕಂಡರೆ ನನಗೆ ತಡೆಯುವುದುಂಟೇ? ಕೂತೆ. ಇಲ್ಲದ ಹೊಟ್ಟೆಯನ್ನು ಮುಂದೆ ಚಾಚಿ, ಬಾಯಿತುಂಬ ಎಲೆಯಡಿಕೆ ಇಟ್ಟುಕೊಂಡವನಂತೆ ಅವರದೇ ದನಿಯಲ್ಲಿ ಎಲ್ಲರನ್ನೂ ಗದರಿದೆ. ಬ್ಯಾಂಕಿಗೆ ಬ್ಯಾಂಕೇ ನಗುತ್ತಿರುವಾಗ ಬಾಗಿಲಲ್ಲಿ ದಬದಬ ಸದ್ದಾಯಿತು.

“ಇವತ್ತು ರಜಾ!” ಏಜೆಂಟರ ದನಿಯಲ್ಲೇ ಕೂಗಿದೆ.

“ಒಳಗೆ ಯಾರಾರ ಕೆಲ್ಸ ಮಾಡ್ತಾವ್ರಾ ಸಾ?” ಹೊರಗಿನಿಂದ ಗಂಡಸಿನ ದನಿ.

“ಒಂದು ನರಪಿಳ್ಳೆಯೂ ಇಲ್ಲ! ನಾಳೆ ಬನ್ನಿ!”

“ಕೇಳ್ದೇನವ್ವಾ? ಹುಡ್ಗ ಕೆಲ್ಸ ಐತೆ ಅಂತ ಸುಳ್ಳು ಹೇಳವ್ನೆ. ನಿಮ್ಮತ್ತೆ ಮನೆಗೆ ಓಗಿ, ಸಂಜೆ ಬಸ್ಸಿಗೆ ಒಳೇನರ್ಸೀಪುರಕ್ಕೆ ಓಗನ. ಈ ಸಂಬಂಧ ಬ್ಯಾಡ.”

ನನ್ನ ಮಾವನಾಗಬೇಕಾದವರನ್ನು ನಾನೇ ಅಟ್ಟುತ್ತಿದ್ದೆ!

ಅಷ್ಟರಲ್ಲಿ ಹುಡುಗಿಯ ದನಿ: “ಅಪ್ಪಾ, ಯಾರೂ ಇಲ್ಲ ಅಂದೋರು ಯಾರು?”

ಕುರ್ಚಿ ಉರುಳಿಸಿಕೊಂಡು ಓಡಿ ಚಿಲಕ ತೆಗೆದೆ. ಹೊರಗೆ ಅಪ್ಪ, ಮಗಳು. ಒಳಗೆ ಅಂಗಿಯ ತೋಳು ಮಡಿಸಿಕೊಂಡು, ಕಾಗದದ ರಾಶಿಯ ನಡುವೆ ಕೂತ ನಮ್ಮ ದಂಡು.

“ನಾನೇ ಹುಡುಗ,” ಎಂದೆ. ಗಾಬರಿಯಲ್ಲಿ ದನಿ ಬದಲಾಯಿಸುವುದನ್ನು ಮರೆತಿದ್ದೆ. ಹೊಟ್ಟೆಯೂ ಚಾಚಿಕೊಂಡೇ ಇತ್ತು.

ಅಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮಗಳು ಬಾಯಿಗೆ ಸೆರಗು ಒತ್ತಿಕೊಂಡರೂ ನಗು ನಿಲ್ಲಲಿಲ್ಲ.

“ಕೆಲ್ಸ ಇರಾದು ದಿಟ ಕಣಪ್ಪಾ. ಇಷ್ಟು ಕೆಟ್ಟದಾಗಿ ಸುಳ್ಳು ಹೇಳೋರು ನಮಗೇನು ಮೋಸ ಮಾಡಾರು?”

ಅಪ್ಪ ಮೀಸೆಯಡಿಯಲ್ಲೇ ನಕ್ಕರು. “ಅಂಗಾರೆ ಭಾನುವಾರ ಬನ್ನಿ. ಅವತ್ತಾರ ದಿಟವಾಗ್ಲೂ ರಜವಾ?”

ಚಾಚಿದ್ದ ಹೊಟ್ಟೆಯನ್ನು ಒಳಗೆಳೆದುಕೊಂಡೆ. ಹೌದೆಂದು ಜೋರಾಗಿ ತಲೆಯಾಡಿಸಿದೆ.