ಬಾಣಕ್ಕೆ ಬಗ್ಗದ ಅಜ್ಜಿ

ತೊರವಿಯ ಹಳೆಯ ಗುಡಿಯ ಪಕ್ಕ ನಾನು ವಿನ್ಯಾಸ ಮಾಡಿದ ಮಾಹಿತಿ ಕೇಂದ್ರ ಮರುದಿನವೇ ತೆರೆಯಬೇಕಿತ್ತು. ನಡುವೆ ಗುಡಿಯ ಮಾದರಿ, ಅದರ ಕಟ್ಟೆಯ ಸುತ್ತ ಚರಿತ್ರೆ ಹೇಳುವ ಹನ್ನೆರಡು ಫಲಕ. ಜನ ಎಡದಿಂದ ಬಲಕ್ಕೆ ಓದುತ್ತ ಹೋಗಲಿ ಎಂದು ಬಾಗಿಲಲ್ಲೇ ಬಲಕ್ಕೆ ಬಾಣ ಹಾಕಿಸಿದ್ದೆ. ಕೊನೆಯ ಪರೀಕ್ಷೆಗೆಂದು, ಗುಡಿಗೆ ಬಂದಿದ್ದ ಭಕ್ತರನ್ನೇ ಒಳಗೆ ಕರೆದೆ.

ಕಾಖಂಡಕಿಯ ಅಜ್ಜಿಯೊಬ್ಬರು ಚಪ್ಪಲಿ ಬಿಟ್ಟು ಬಂದವರೇ ಎಡಕ್ಕೆ ಹೊರಟರು.

“ಆಯಿ, ಬಾಣ ಬಲಕ್ಕ ಐತಿ ನೋಡ್ರಿ,” ಎಂದೆ.

“ದೇವರನ್ನ ಎಡಕ್ಕಿಟ್ಕೊಂಡು ಸುತ್ತು ಅಂತೀಯೇನೋ ಯಪ್ಪಾ? ನಿಮ್ಮ ಸಾಲ್ಯಾಗ ಇಷ್ಟೂ ಕಲಿಸಲಿಲ್ಲೇನು?”

ಹಿಂದಿದ್ದವರೂ ಅವರನ್ನೇ ಹಿಂಬಾಲಿಸಿದರು. ನನ್ನ ಚರಿತ್ರೆ ಜೀರ್ಣೋದ್ಧಾರದಿಂದ ಶುರುವಾಗಿ ಅಡಿಪಾಯಕ್ಕೆ ಮುಗಿಯಿತು. ಹೊಸ ಫಲಕ ಮಾಡಿಸಲು ವೇಳೆ ಎಲ್ಲಿತ್ತು?

ಪುಣ್ಯಕ್ಕೆ, ಫಲಕಗಳೆಲ್ಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಅಳತೆಯಲ್ಲಿರಬೇಕೆಂದು ಬಡಿಗೇರನ ಜೊತೆ ಜಗಳವಾಡಿದ್ದೆ. ಅವನನ್ನೇ ಕರೆಸಿ, ಸ್ಕ್ರೂ ಬಿಚ್ಚಿ ಮೊದಲನೆಯದನ್ನು ಕೊನೆಗೆ, ಕೊನೆಯದನ್ನು ಮೊದಲಿಗೆ, ಹೀಗೆ ಎಲ್ಲವನ್ನೂ ಅದಲುಬದಲು ಮಾಡಿದೆವು, ಬಾಣವನ್ನೂ ತಿರುಗಿಸಿದೆವು. ಗಂಟೆಯೊಳಗೆ ಎಲ್ಲ ಸರಿಹೋಯಿತು.

ಹೊರಗೆ ಕೂತಿದ್ದ ಅಜ್ಜಿಯನ್ನು ಮತ್ತೆ ಕರೆದು ತೋರಿಸಿದೆ. ಐದು ಸುತ್ತು ಹಾಕಿ, “ಈಗ ಚಲೋ ಆತು ನೋಡಪಾ,” ಎಂದು ಕೈಮುಗಿದು ಹೋದರು. ಒಂದು ಸಾಲನ್ನೂ ಓದಲಿಲ್ಲ. ಕೂದಲೆಳೆಗೂ ಜಗಳ ತೆಗೆಯುವ ನಾನೂ ಅಂದು ಮೊದಲ ಸಲ ತಕರಾರು ತೆಗೆಯಲಿಲ್ಲ.