ಪೆಟ್ಟಿಗೆ ಮಾಡಿದವರು

ಚೀನಾದ ಜಿಂಗ್‌ಝೌ ಊರಿನ ಟಾನ್ ಶೂಲಿಯನ್ ಹದಿನೆಂಟನೇ ವಯಸ್ಸಿಗೆ ಮೆರುಗೆಣ್ಣೆ ಮರದ ಹಾಲನ್ನು ಮೊದಲ ಸಲ ಮುಟ್ಟಿದಾಗ ಮುಖವೆಲ್ಲ ಊದಿಕೊಂಡು ಮೂರು ತಿಂಗಳು ಮೈ ತುರಿಸಿತ್ತು. ಆದರೂ ಕೆಲಸ ಬಿಡಲಿಲ್ಲ. ನಲವತ್ತೈದು ವರ್ಷದಿಂದ ಅದೇ ಕಾರ್ಖಾನೆಯಲ್ಲಿ ಮರದ ಪೆಟ್ಟಿಗೆ ಮಾಡಿ, ಅದಕ್ಕೆ ಆ ಹಾಲಿನ ಮೆರುಗು ಹಚ್ಚುತ್ತಿದ್ದಾಳೆ. ಒಂದು ಪೆಟ್ಟಿಗೆಗೆ ಮೂವತ್ತು ಪದರ. ಪ್ರತಿ ಪದರವೂ ಒಣಗಬೇಕು, ಉಜ್ಜಬೇಕು.

ಪ್ರವಾಸಿಗರನ್ನು ಕರೆತರುವ ಗೈಡ್ ಲುವೊ ದಿನಾ ಅವಳ ಪಕ್ಕದಲ್ಲೇ ನಿಂತು ಅದೇ ಕಥೆ ಹೇಳುತ್ತಾನೆ. "ಬಹಳ ಹಿಂದೆ ನಮ್ಮೂರಿದ್ದ ಚು ರಾಜ್ಯದ ವ್ಯಾಪಾರಿ ಮುತ್ತನ್ನ ಚೆಂದದ ಪೆಟ್ಟಿಗೇಲಿಟ್ಟು ಮಾರಿದ. ಝೆಂಗ್ ರಾಜ್ಯದವನು ಪೆಟ್ಟಿಗೆ ಇಟ್ಕೊಂಡು ಮುತ್ತು ವಾಪಸ್ ಕೊಟ್ಟ. ಥಳುಕಿಗೆ ಮರುಳಾಗೋ ಪೆದ್ದರಿಗೆ ಇವತ್ತಿಗೂ 'ಪೆಟ್ಟಿಗೆ ಕೊಂಡು ಮುತ್ತು ಬಿಟ್ಟ' ಅಂತೀವಿ."

ಒಂದು ದಿನ ಕಥೆ ಕೇಳಿದ ಹೆಂಗಸೊಬ್ಬಳು, "ನಾನಂತೂ ಅಷ್ಟು ಪೆದ್ದಿ ಅಲ್ಲ" ಎಂದು ಕೊಳ್ಳಲೆಂದು ಎತ್ತಿಕೊಂಡಿದ್ದ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು. ಎಲ್ಲರೂ ನಕ್ಕರು. ಶೂಲಿಯನ್‌ಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

"ಪೆಟ್ಟಿಗೆ ಇಟ್ಕೊಂಡವನು ಪೆದ್ದನಲ್ಲ ಕಣಪ್ಪ ಲುವೊ," ಎಂದಳು. "ಮುತ್ತು ಮಾಡಿದ್ದು ಕೆಸರಲ್ಲಿರೋ ಚಿಪ್ಪು. ಅದಕ್ಕೇನು ಮೈ ತುರಿಸಿತ್ತಾ? ಎರಡು ಸಾವಿರ ವರ್ಷದಿಂದ ಹೇಳ್ತಿದೀರಿ. ಮಾರಿದವನು ಎಲ್ಲಿಯವನು ಗೊತ್ತು, ಕೊಂಡವನು ಎಲ್ಲಿಯವನು ಗೊತ್ತು. ಪೆಟ್ಟಿಗೆ ಮಾಡಿದವರು ಯಾರು ಅಂತ ಒಬ್ಬರಾದ್ರೂ ಕೇಳಿದೀರಾ?"

"ಕಥೆ ತಾನೇ ಅಜ್ಜಿ, ಹಳೇ ಕಾಲದ್ದು, ಬಿಡಿ" ಎಂದು ಲುವೊ ಹಲ್ಲು ಕಿರಿದ.

"ಹಳೇದಾ? ಹಾಗಾದ್ರೆ ಇದನ್ನ ತಿರುಗಿಸಿ ನೋಡು."

ಆ ಹೆಂಗಸು ಕುಕ್ಕಿದ್ದ, ಶೂಲಿಯನ್ ತಾನೇ ಮಾಡಿದ ಪೆಟ್ಟಿಗೆಯನ್ನು ಲುವೊ ತಿರುಗಿಸಿದ. ತಳದಲ್ಲಿ ಕೆಂಪು ಅಕ್ಷರದಲ್ಲಿ ಕಾರ್ಖಾನೆಯ ಮಾಲೀಕನ ಹೆಸರಿತ್ತು.