ಬಂದರೆ ಎಲ್ಲರೂ

ಅರಕೇರಾ ಕಡೆಯ ಆ ಶಾಲೆಯಲ್ಲಿ ನಾವು ನೀರಿನಿಂದ ಬರೆಯುತ್ತಿದ್ದೆವು. ಸೀಮೆಸುಣ್ಣಕ್ಕೆಂದು ಬರಬೇಕಾದ ಅನುದಾನ ಆ ವರ್ಷ ಬರಲಿಲ್ಲ. ಉಳಿದಿದ್ದ ತುಂಡುಗಳನ್ನು ಹೆಡ್‌ಮಾಸ್ತರು ಕರವಸ್ತ್ರದಲ್ಲಿ ಗಂಟು ಕಟ್ಟಿ ಜೇಬಿನಲ್ಲಿಟ್ಟುಕೊಂಡು, ಬೆಳಿಗ್ಗೆ ತಾರೀಖು ಬರೆಯಲು ಮಾತ್ರ ಹೊರಗೆ ತೆಗೆಯುತ್ತಿದ್ದರು. ಮಿಕ್ಕಿದ್ದೆಲ್ಲ ಒದ್ದೆ ಬೆರಳಿನಿಂದ. ಕಪ್ಪು ಹಲಗೆಯ ಮೇಲೆ ನೀರಿನ ಅಕ್ಷರ ಚೆನ್ನಾಗಿಯೇ ಕಾಣುತ್ತದೆ, ಆದರೆ ನಮ್ಮ ಬಿಸಿಲಿಗೆ ನೋಡನೋಡುತ್ತಲೇ ಆರಿಹೋಗುತ್ತದೆ. ಹೀಗಾಗಿ ನಮ್ಮ ಮಕ್ಕಳು ಬಹಳ ಚುರುಕಾಗಿ ಓದುತ್ತಿದ್ದರು.

"ಸರಕಾರ ಇನ್ನೊಂದೆರಡು ವರ್ಷ ಸುಣ್ಣ ಕೊಡಲಿಲ್ಲಂದ್ರ ಇವರೆಲ್ಲಾ ವಕೀಲರಾಗ್ತಾರ ನೋಡ್ರಿ" ಎಂದು ಹೆಡ್‌ಮಾಸ್ತರು ಹೇಳುತ್ತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳವು. ಶಾಲೆಗೆ ನಾವಿಬ್ಬರೇ. ಅವರು ಕಾಯಂ, ನಾನು ಹಂಗಾಮಿ. ರಾಯಚೂರಿನ ಮನೆ ಬಿಟ್ಟು ಒಬ್ಬಳೇ ಇಲ್ಲಿಗೆ ಬರಲು ನಾನು ಆಡಬೇಕಾಗಿ ಬಂದ ಮಾತುಗಳು, ಅದಕ್ಕಿಂತ ಮೊದಲಿನ ನನ್ನ ಎಲ್ಲ ಮಾತುಗಳಿಗಿಂತ ಹೆಚ್ಚಿದ್ದವು. ಎಂ.ಎ. ಓದಿದ ಹುಡುಗಿ ಅ ಆ ಇ ಈ ಕಲಿಸಲು ದೇವದುರ್ಗದ ಆಚೆ ಹೋಗಬೇಕೇ ಎಂದು ಸೋದರತ್ತೆ ಕೇಳಿದ್ದಳು. ಹೌದು ಎಂದಿದ್ದೆ. ಕೆಲಸ ಹೋದರೆ ನಾನು ಅದೇ ಮನೆಗೆ, ಅದೇ ಅತ್ತೆಯ ಎದುರಿಗೆ ಮರಳಬೇಕಿತ್ತು. ಆದ್ದರಿಂದ ಆ ಕೆಲಸದ ಬಗ್ಗೆ ನನಗಿದ್ದ ಪ್ರೀತಿ ಪೂರ್ತಿ ನಿಸ್ವಾರ್ಥವಾದದ್ದೆಂದು ಹೇಳಲಾರೆ.

ಸುಗ್ಗಿಯ ಸಮಯದಲ್ಲಿ ಹೆಡ್‌ಮಾಸ್ತರು ದೇವದುರ್ಗದ ಕಚೇರಿಗೆ ಹೋಗಿ ಬಂದವರು ಎಲೆ ಅಡಿಕೆ ಹಾಕಿಕೊಳ್ಳದೆ ಕುಳಿತರು. ಅವರ ಮಟ್ಟಿಗೆ ಅದು ಶೋಕಾಚರಣೆ.

"ಖರ್ಚು ಕಡಿಮಿ ಮಾಡಾಕತ್ತಾರಂತ. ಇನ್‌ಸ್ಪೆಕ್ಟರ್ ಸಾಹೇಬ್ರು ಊರೂರು ತಿರುಗಿ ತಲಿ ಎಣಿಸ್ತಾರ. ಮಕ್ಕಳು ಕಡಿಮಿ ಇದ್ರ ಎರಡನೇ ಮಾಸ್ತರು ಬ್ಯಾಡ."

"ಎರಡನೇ ಮಾಸ್ತರು ಅಂದರೆ?"

"ನಾ ಅಂತೂ ಅಲ್ಲರೀ ಅಕ್ಕೋರೆ."

ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರೆಂದೇ ಹೆಸರು.

ತರಗತಿಯ ಕಡೆ ನೋಡಿದೆ. ಅಂಗಡಿಯವರ ಮಕ್ಕಳು, ಪೂಜಾರಿಯ ಮೊಮ್ಮಗಳು, ಕಾಲು ಉಳುಕಿಸಿಕೊಂಡು ಊರಲ್ಲಿ ಉಳಿದಿದ್ದ ಒಬ್ಬ ಹುಡುಗ. ಉಳಿದವರೆಲ್ಲ ಮಾನ್ವಿ ಕಡೆ ಇದ್ದರು. ಅಲ್ಲಿ ಕಾಲುವೆ ನೀರು, ಕಣ್ಣು ಹಾಯುವಷ್ಟು ದೂರ ಭತ್ತ. ಕೊಯ್ಲು ಬಂತೆಂದರೆ ನಮ್ಮೂರಿನ ತಾಯಂದಿರು ಗುಂಪು ಕಟ್ಟಿ ಹೋಗುತ್ತಿದ್ದರು, ಮಕ್ಕಳು ಜೊತೆಗೆ.

"ನೀವ ಹೋಗಿ ಕರಕೊಂಡ ಬರ್ರಿ" ಎಂದರು ಹೆಡ್‌ಮಾಸ್ತರು. "ನಾ ಹೋದ್ರ ಆ ಹೆಣ್ಮಕ್ಕಳು ಸೆರಗು ಮುಂದ ಎಳಕೊಂಡು ಹೂಂ ಅಂತಾರ, ಬರಂಗಿಲ್ಲ. ಒಂದ ದಿನದ ಮಟ್ಟಿಗೆ ನಮ್ಮ ಹುಡುಗುರನ್ನ ಕಳಿಸ್ರಿ ಅನ್ನರಿ. ಅಷ್ಟ ಸಾಕು."

ಮಾನ್ವಿ ಸೀಮೆಯ ಪೋತ್ನಾಳದ ಹತ್ತಿರ ಬಸ್ಸಿಳಿದು, ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಹೆಂಗಸರು ಒಂದೇ ಸಾಲಾಗಿ ಬಾಗಿ ಕೊಯ್ಯುತ್ತಿದ್ದರು. ಗುಂಪಿನ ಯಜಮಾನಿ ನಮ್ಮೂರಿನವಳೇ, ಕುರಿ ಕಾಯುವ ಮನೆತನದವಳು. ನನ್ನನ್ನು ನೋಡಿ ಕುಡುಗೋಲು ನಿಲ್ಲಿಸದೆಯೇ ಕರೆದಳು.

"ಬರ್ರಿ ಅಕ್ಕೋರೆ. ಸಾಲಿ ಬಿಟ್ಟು ನೆಲ್ಲು ಕೊಯ್ಯಾಕ ಬಂದ್ರೇನು? ಆ ಸೀರಿ ಉಟ್ಟು ಬಗ್ಗೂ ಕೆಲಸ ಅಲ್ಲ ಇದು."

ವಿಷಯ ಹೇಳಿದೆ. ಆಕೆ ಕೇಳಿದಳು, ಬೆನ್ನು ನೆಟ್ಟಗೆ ಮಾಡಿದಳು, ಬದುವಿನ ಕಡೆ ತೋರಿಸಿದಳು. ಅಲ್ಲಿ ಜಾಲಿ ಮರದ ನೆರಳಲ್ಲಿ ನಮ್ಮ ನಾಲ್ಕನೆಯ ತರಗತಿ ಪೂರ್ತಿ ಕುಳಿತಿತ್ತು. ಒಬ್ಬೊಬ್ಬರ ಮಡಿಲಲ್ಲೂ ಒಂದೊಂದು ಕೂಸು.

"ನಮ್ಮ ಹುಡುಗುರು ಬಂದ್ರ ಈ ಕೂಸುಗಳನ್ನ ಯಾರು ಹಿಡೀಬೇಕು? ಆ ಕೂಸು ಬ್ಯಾರೆ ಊರಾಕಿದು, ಈ ಕೂಸು ಇನ್ನೊಂದು ಊರಾಕಿದು. ಕೂಸು ಬಂದ್ರ ತಾಯಿ ಬರಬೇಕು. ತಾಯಿ ಬಂದ್ರ ಅಕಿ ಸಾಲು ನಡುವ ನಿಂತಬಿಡ್ತದ."

"ಹಾಗಾದರೆ ಆಗುವುದಿಲ್ಲ" ಎಂದೆ.

"ಆಗಂಗಿಲ್ಲಂತ ಯಾರಂದ್ರು? ನಮ್ಮ ಗುಂಪಿನಾಗ ಬಂದ್ರ ಎಲ್ಲಾರೂ, ಇಲ್ಲಾಂದ್ರ ಯಾರೂ ಇಲ್ಲ. ಹೆರಿಗಿ ಇರಲಿ, ಸಾವು ಇರಲಿ, ಹಂಗ."

ಪಕ್ಕದ ಸಾಲಿನವಳು ಬಾಗಿದ್ದಲ್ಲಿಂದಲೇ ಕೇಳಿದಳು, "ಇದು ಹೆರಿಗಿಯೇನ ಬೇ, ಸಾವಾ?"

"ಅಕ್ಕೋರ ಮಾರಿ ನೋಡಿದ್ರ ಗೊತ್ತಾಗಂಗಿಲ್ಲೇನು? ಸುಮ್ನ ಕೊಯ್ಯಿ."

ಗುಂಪು ಕೊಯ್ಲು ಬಿಟ್ಟು ಹೋದರೆ ಎಲ್ಲಿ ಮರಳುವುದಿಲ್ಲವೋ ಎಂದು ಹೆದರಿದ ಹೊಲದ ಯಜಮಾನರು ತಮ್ಮ ಭತ್ತದ ಲಾರಿಯನ್ನೇ ಜೊತೆಗೆ ಕಳಿಸಿದರು, ವಾಪಸ್ ತರಲು. ಸಾಹೇಬರು ಬರುವ ಹಿಂದಿನ ದಿನ ಸಂಜೆ ಲಾರಿ ಊರೊಳಗೆ ಬಂದಾಗ ಹೆಡ್‌ಮಾಸ್ತರು ಕಟ್ಟೆಯಿಂದ ಎದ್ದು ನಿಂತರು. ಮಕ್ಕಳು ಇಳಿದರು, ಇಳಿಯುತ್ತಲೇ ಇದ್ದರು. ನಮ್ಮವರು, ಅವರು ಹಿಡಿದ ಕೂಸುಗಳು, ಕೂಸುಗಳ ಅಣ್ಣ ಅಕ್ಕಂದಿರು, ನಾವೆಂದೂ ಕಾಣದ ಹಳ್ಳಿಗಳವರು.

"ಇಷ್ಟು ಯಾಕ ತಂದ್ರಿ?" ಎಂದು ಹೆಡ್‌ಮಾಸ್ತರು ಪಿಸುಗುಟ್ಟಿದರು.

"ನಾನು ತರಲಿಲ್ಲ. ಅವರು ಬಂದರು" ಎಂದೆ.

ಮರುದಿನ ಎಲ್ಲರೂ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಶಾಲೆಯಲ್ಲಿ ಕುಳಿತರು. ಜಾಗ ಸಾಲದೆ ಕೆಲವರು ಕಿಟಕಿಯಲ್ಲಿ ಕುಳಿತರು. ತಾಯಂದಿರು ಹೊರಗೆ ಗೋಡೆಗೆ ಒರಗಿ, ತಾವು ಮಾಡಿದ ಉಪಕಾರವನ್ನು ತಾವೇ ನೋಡುತ್ತಿದ್ದರು. ಆ ಗದ್ದಲದಲ್ಲಿ ಪಾಠ ಮಾಡಲಾಗದು. ನನಗೆ ತೋಚಿದ್ದು ಒಂದು ಕಥೆ, ಅದೂ ನಿಂತ ನಿಲುವಿನಲ್ಲಿ ಕಟ್ಟಿದ್ದು. ಮೇವು ಸಿಗದ ಒಂದು ಆಡು ಕಾಲುವೆಯ ಆಚೆ ಹಸಿರು ಕಂಡು ನೀರಿಗಿಳಿಯುತ್ತದೆ. ಆಡು ನಡುನೀರಿಗೆ ಬಂದಿದೆ, ನೀರು ಹೊಟ್ಟೆಯ ತನಕ ಏರಿದೆ, ಆಗ ಸಾಹೇಬರ ಜೀಪು ಬಂತು.

ಸಾಹೇಬರು ಒಳಗೆ ಬಂದು, ಕನ್ನಡಕ ಒರೆಸಿಕೊಂಡು, ಮತ್ತೆ ನೋಡಿದರು. ಮುಂದಿನ ಸಾಲಿನ ಪುಟ್ಟ ಹುಡುಗಿಯನ್ನು ಏನು ಕಲಿತೆ ಎಂದು ಕೇಳಿದರು. ಆಕೆ ಶಾಲೆಯೊಳಗೆ ಕಾಲಿಟ್ಟದ್ದು ಅದೇ ಮೊದಲು.

"ಆಡು ನೀರಾಗ ಇಳದದ ರೀ. ಇನ್ನೂ ದಾಟಿಲ್ಲ."

ಸಾಹೇಬರಿಗೆ ಬಹಳ ಸಂತೋಷವಾಯಿತು. ಇಂಥ ಬರಡು ಸೀಮೆಯಲ್ಲಿ ಇಷ್ಟೊಂದು ಹಾಜರಾತಿ ತಾವು ಕಂಡಿಲ್ಲವೆಂದರು. ಚಹಾ ಕುಡಿದು, ಹೊರಡುವಾಗ ಹೆಡ್‌ಮಾಸ್ತರ ಭುಜದ ಮೇಲೆ ಕೈಯಿಟ್ಟು ಹೇಳಿದರು:

"ಇಷ್ಟು ಮಕ್ಕಳ ಜವಾಬ್ದಾರಿ ಹಂಗಾಮಿಯವರ ಮ್ಯಾಲ ಬಿಡೋದು ಸರಿ ಅಲ್ರೀ. ಒಬ್ಬ ಕಾಯಂ ಮಾಸ್ತರನ್ನ ಕಳಿಸಿಕೊಡ್ತೀನಿ."

ಜೀಪಿನ ಧೂಳು ಇಳಿದ ಮೇಲೆ ಹೆಡ್‌ಮಾಸ್ತರು ಎಲೆ ಅಡಿಕೆಯ ಚೀಲ ಬಿಚ್ಚಿದರು. ಆಮೇಲೆ ಎಲೆಗೆ ಸುಣ್ಣ ಹಚ್ಚುತ್ತ, "ಎರಡನೇ ಮಾಸ್ತರ ಜಾಗ ಉಳೀತು" ಎಂದರು. ಅದು ನಿಜವೂ ಆಗಿತ್ತು. ಗುಂಪು ಲಾರಿ ಹತ್ತಿ, ಕೂಗಿ ಕೈಬೀಸಿ ಮಾನ್ವಿಗೆ ಹೋಯಿತು. ಅವರಿಗೆ ನಾನು ಏನನ್ನೂ ಹೇಳಲಿಲ್ಲ. ಅಷ್ಟು ಸಂತೋಷವಾಗಿದ್ದವರಿಗೆ ಹೇಳುವಂಥ ವಾಕ್ಯ ಎಂ.ಎ.ಯಲ್ಲಿ ಕಲಿಸಿರಲಿಲ್ಲ.

ಕಾಯಂ ಮಾಸ್ತರು ನಿಜಕ್ಕೂ ಬೇಗ ಬಂದರು. ರಾಯಚೂರಿನ ಒಂದು ಶಾಲೆಯಲ್ಲಿ ಖರ್ಚು ತಗ್ಗಿಸಲೆಂದು ಒಂದು ವಿಭಾಗ ಮುಚ್ಚಿ, ಅವರನ್ನು ಹೆಚ್ಚುವರಿ ಎಂದು ಹೊರಗೆ ಹಾಕಿದ್ದರು. ಮನೆಯಲ್ಲಿ ದಖ್ನಿ ಉರ್ದು ಮಾತಾಡುವವರು, ಹಾಸಿಗೆ ಸುರುಳಿಯ ಜೊತೆ ಛತ್ರಿಯನ್ನೂ ತಂದಿದ್ದ ಪಾಪದ ಮನುಷ್ಯ. ಬಾಗಿಲಲ್ಲಿ ನಿಂತು ಅಂಗಡಿಯವರ ಮಕ್ಕಳನ್ನೂ ಪೂಜಾರಿಯ ಮೊಮ್ಮಗಳನ್ನೂ ಉಳುಕಿದ ಕಾಲನ್ನೂ ನೋಡಿದರು.

"ಮೇಡಂ, ಸಾಲಿ ತುಂಬಿ ತುಳಕಾಕತ್ತದ ಅಂತ ಕಚೇರಿಯಾಗ ಅಂದಿದ್ರಲ್ಲಾ. ಮಕ್ಕಳೆಲ್ಲಿ?"

"ಮಾನ್ವಿ ಕಡೆ."

"ಮಕ್ಕಳು ಅಲ್ಲಿದ್ರ ಮತ್ತ ಸಾಲಿ ಇಲ್ಲಿ ಯಾಕ ಅದ?"

ಇಲಾಖೆ ಹುಟ್ಟಿದಾಗಿನಿಂದ ಯಾರೂ ಕೇಳದಿದ್ದ ಪ್ರಶ್ನೆಯನ್ನು ಆ ಮನುಷ್ಯ ಬಂದ ಗಳಿಗೆಯಲ್ಲೇ ಕೇಳಿಬಿಟ್ಟಿದ್ದರು. ಒದ್ದೆ ಬೆರಳಿನಿಂದ ಬರೆಯುವುದನ್ನು ಅವರಿಗೆ ತೋರಿಸಿಕೊಟ್ಟೆ. ನಾನು ಹೊರಡುವ ದಿನ ಹೆಡ್‌ಮಾಸ್ತರು ಕರವಸ್ತ್ರದ ಗಂಟು ಬಿಚ್ಚಿ ಒಂದು ತುಂಡು ಸೀಮೆಸುಣ್ಣ ಕೊಟ್ಟರು. ಅವರ ಕೈಯಿಂದ ಅಂಥ ದಾನ ಹೊರಬಂದದ್ದನ್ನು ಬೇರೆ ಯಾರೂ ಕಂಡಿರಲಾರರು.

ದೇವದುರ್ಗದಿಂದ ರಾಯಚೂರಿಗೆ ನೇರ ಬಸ್ಸಿತ್ತು. ನಾನು ಮಾನ್ವಿಯ ಬಸ್ಸು ಹತ್ತಿದೆ. ಸುತ್ತು ದಾರಿಯೆಂದು ಕಂಡಕ್ಟರು ಹೇಳಿದರು, ಗೊತ್ತು ಎಂದೆ.

ಹೊಲದಲ್ಲಿ ಕೊಯ್ಲು ಮುಗಿಯುತ್ತ ಬಂದಿತ್ತು. ಗುಂಪಿನ ಯಜಮಾನಿ ನನ್ನ ಟ್ರಂಕು ನೋಡಿದಳು.

"ಊರಿಗೆ ಹೊಂಟ್ರಾ? ರಜಾ ಏನ್ರೀ?"

ಆಗ ಹೇಳಬೇಕಾಯಿತು. ಸಾಲು ಪೂರ್ತಿ ಕುಡುಗೋಲು ನಿಲ್ಲಿಸಿತು.

"ಮಂದಿ ಕಡಿಮಿ ಆದ್ರ ತೆಗೀತಾರಂತ ನೀವ ಅಂದ್ರಿ. ಹೆಚ್ಚಾದ್ರೂ ತೆಗೀತಾರೇನು?"

"ಹೌದು."

"ಎಂಥಾ ಗುಂಪರೀ ನಿಮ್ಮದು" ಎಂದಳು. "ಒಬ್ಬಾಕಿನ್ನ ಬಿಟ್ಟು ಉಳದವರು ಕೊಯ್ಯಾಕ ಹತ್ತಾರ."

ಪಕ್ಕದ ಸಾಲಿನವಳು ಸೆರಗಿನಿಂದ ಮೂಗು ಒರೆಸಿಕೊಂಡು, "ನಾವರ ಅರ್ಧ ಮಂದಿ ಕೆಳಗಿಳೀಲಾರದ ಲಾರಿಯಾಗ ಕೂಡಬೇಕಿತ್ತು" ಎಂದಳು.

"ಈಗ ಹೇಳ್ತೀಯೇನ ಬೇ. ಆವತ್ತು ಎಲ್ಲಾರಕಿಂತ ಮೊದಲ ಇಳದಾಕಿ ನೀನ."

ಅಷ್ಟರಲ್ಲಿ ಜಾಲಿ ಮರದ ಕೆಳಗಿನಿಂದ ಮಕ್ಕಳು ಬಂದರು. ಎಲ್ಲ ಊರುಗಳವರೂ, ಕೂಸುಗಳ ಸಮೇತ. ಸಾಹೇಬರಿಗೆ ಉತ್ತರ ಕೊಟ್ಟ ಪುಟ್ಟ ಹುಡುಗಿ ಮುಂದೆ ನಿಂತಿದ್ದಳು. ನನ್ನ ಕೆಲಸದ ಸಂಗತಿ ಆಕೆಗೆ ಬೇಕಿರಲಿಲ್ಲ.

"ಅಕ್ಕೋರೆ, ಆ ಆಡು ಇನ್ನೂ ನೀರಾಗ ಅದ."

ಆಡು ದಾಟುವುದಿಲ್ಲ, ಆಡಿಗೆ ನೀರೆಂದರೆ ಹೆದರಿಕೆ ಎಂದು ಒಬ್ಬ ಹುಡುಗ ವಾದಿಸಿದ. ಹಿಂದೆ ಮರಿ ಕೂಗಿದರೆ ಅದು ತಿರುಗಿ ಬರುತ್ತದೆ ಎಂದಳು ಇನ್ನೊಬ್ಬಳು. ಕಥೆ ಕಟ್ಟಿದವಳಿಗೇ ಅದರ ಕೊನೆ ಗೊತ್ತಿರಲಿಲ್ಲ. ನಾನು ಟ್ರಂಕಿನ ಮೇಲೆ ಕುಳಿತು, ಬಗಲಚೀಲದಿಂದ ಸೀಮೆಸುಣ್ಣದ ತುಂಡು ತೆಗೆದು, ಕಾಲುವೆಯ ಕಲ್ಲಿನ ಮೇಲೆ ಆಡಿನ ಚಿತ್ರ ಬರೆದೆ. ಇದು ಆರಿಹೋಗುವುದಿಲ್ಲವೆಂದು ಗೊತ್ತಿದ್ದರೂ ನಮ್ಮೂರಿನ ಮಕ್ಕಳು ಅಭ್ಯಾಸಬಲದಿಂದ ಲಗುಬಗೆಯಿಂದ ನೋಡಿದರು.

ರಾಯಚೂರಿನ ಬಸ್ಸು ರಸ್ತೆಯಲ್ಲಿ ಬಂದು ಹಾರ್ನ್ ಹಾಕಿತು. ಯಜಮಾನಿ ಕುಡುಗೋಲು ಎತ್ತಿ, ಮುಂದೆ ಹೋಗು ಎಂದು ಅದಕ್ಕೆ ಸನ್ನೆ ಮಾಡಿದಳು. ನನ್ನನ್ನು ಕೇಳಲಿಲ್ಲ.